ಮಹಡಿಗೆ ಹೋದ ಚಿಕ್ಕಪ್ಪ

ಒಂದಾನೊಂದು ಕಾಲದಲ್ಲಿ ಮೂರೇ ಗೋಡೆಗಳ ಒಂದು ಮನೆ ಇತ್ತು. ನಾಲ್ಕನೆಯ ಗೋಡೆ ಇರಬೇಕಾದ ಜಾಗದಲ್ಲಿ ಮೂರು ಕ್ಯಾಮೆರಾಗಳಿದ್ದವು. ಆ ಮನೆಯಲ್ಲಿ ಹನ್ನೊಂದು ಜನ ವಾಸವಾಗಿದ್ದರು. ಅವರಿಗೆ ಹಸಿವೆಂಬುದೇ ಇರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಯಾರಾದರೊಬ್ಬರು ಅಳುತ್ತ ಎದ್ದುಹೋಗುವುದರಿಂದ ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲೇ ಉಳಿಯುತ್ತಿತ್ತು. ಒಂದು ದಿನ ಆ ಮನೆಗೆ ನೆಂಟರು ಬಂದರು. ದಿಂಬು ಒಂದು ಕಮ್ಮಿ ಬಿತ್ತು. ಮನೆಯ ಹಿರಿಯಮ್ಮ ತನ್ನ ಮೈದುನನನ್ನು ಕರೆದು, ‘ಮಹಡಿಯಿಂದ ಒಂದು ದಿಂಬು ತಗೊಂಡು ಬಾಪ್ಪಾ’ ಎಂದಳು. ಮಕ್ಕಳೆಲ್ಲ ಚಿಕ್ಕಪ್ಪ ಎಂದು ಕರೆಯುತ್ತಿದ್ದ ಆ ಮೈದುನ ಹತ್ತು ಮೆಟ್ಟಿಲು ಹತ್ತಿ ಮೇಲೆ ಹೋದ. ಹೋದವನು ಇಳಿದು ಬರಲಿಲ್ಲ. ಒಂಬತ್ತು ವರ್ಷವಾಯಿತು.

ಹೀಗೆ ಹೇಳಿದರೆ ಮಹಡಿಯಲ್ಲಿ ಯಾರೋ ರಾಕ್ಷಸ ಬಾಯಿ ತೆರೆದು ಕೂತಿದ್ದ ಎಂದುಕೊಳ್ಳಬೇಕು. ರಾಕ್ಷಸನಿರಲಿಲ್ಲ, ಮಹಡಿಯೂ ಇರಲಿಲ್ಲ. ಇದ್ದವಳು ಅವಳೊಬ್ಬಳು: ಆ ಮನೆಯನ್ನೂ ನೆಂಟರನ್ನೂ ದಿಂಬನ್ನೂ ಬರೆದವಳು, ಬರೆಯುತ್ತ ಬರೆಯುತ್ತ ಅದೇ ಧಾರಾವಾಹಿಗೆ ನಿರ್ಮಾಪಕಿಯೂ ಆದವಳು. ಈಗ ಬೆಳಗಿನ ಆರೂವರೆಗೆ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಎಂಬತ್ತೆಂಟು ವರ್ಷದ ಅಜ್ಜಿಯಿಂದ ತನಿಖೆಗೊಳಗಾಗಿದ್ದಳು.

‘ಪುಟ್ಟೀ, ಇವತ್ತೇ ಕೊನೇ ಶೂಟಿಂಗಂತೆ?’

‘ಹೂಂ ಅಜ್ಜಿ.’

‘ನಿನ್ನೆ ಜಾಹೀರಾತಿನಲ್ಲಿ ಹೇಳಿದ್ರು. ಎಲ್ಲರೂ ಮನೆ ಬಿಟ್ಟು ಹೋಗ್ತಾರೆ, ಹಿರಿಯಮ್ಮ ಬಾಗಿಲಿಗೆ ಬೀಗ ಹಾಕ್ತಾಳೆ.’

‘ಚೆನ್ನಾಗಿತ್ತಾ?’

‘ಚೆನ್ನಾಗಿತ್ತು. ಅಲ್ಲ ಕಣೆ, ಒಳಗೆ ಒಬ್ಬ ಇದ್ದಾನಲ್ಲ?’

ಅವಳ ಬಾಯಿಂದ ನೊರೆ ಕನ್ನಡಿಗೆ ಸಿಡಿಯಿತು. ‘ಯಾರು?’ ಎಂದಳು, ಗೊತ್ತಿದ್ದೂ.

‘ದಿಂಬು ತರೋಕೆ ಹೋದನಲ್ಲ, ಆ ಪಾಪದವನು. ಇಷ್ಟುದ್ದ ಮೀಸೆ.’

‘ಒಂಬತ್ತು ವರ್ಷದಿಂದ ನೆನಪಿಟ್ಕೊಂಡಿದ್ಯಾ? ಒಂದು ಸಲಾನಾದ್ರೂ ಹೇಳಬಾರದಾ?’

‘ಬರೆಯೋಳು ನೀನು. ಏನೋ ಯೋಚನೆ ಇಟ್ಕೊಂಡಿರ್ತೀಯ ಅಂತ ಸುಮ್ಮನಿದ್ದೆ. ಇವತ್ತು ಇಳೀತಾನೆ, ನಾಳೆ ಇಳೀತಾನೆ ಅಂತ ನೋಡ್ತಾ ಕೂತೆ. ಈಗ ಬೀಗ ಹಾಕ್ತೀನಿ ಅಂತಿದ್ಯಲ್ಲ, ಅದಕ್ಕೇ ಕೇಳಿದೆ.’ ಆಮೇಲೆ ಅಜ್ಜಿ, ಮೊಮ್ಮಗಳ ಮದುವೆ ಮುರಿದಾಗಲೂ ಬಳಸದಿದ್ದ ದನಿಯಲ್ಲಿ ಹೇಳಿದಳು: ‘ಅವನನ್ನ ಒಳಗೆ ಬಿಟ್ಟು ಬೀಗ ಹಾಕಿದ್ರೆ ನಿನ್ನ ಯಾವ ಕತೆಯನ್ನೂ ನಾನು ಇನ್ನು ನೋಡಲ್ಲ.’

ಅಜ್ಜಿಯ ಕತೆಗಳಲ್ಲಿ ಹೀಗಾಗುತ್ತಿರಲಿಲ್ಲ. ಅಲ್ಲಿ ನೀರಿಗೆ ಹೋದವಳು ಬಿಂದಿಗೆ ತುಂಬಿಕೊಂಡೇ ಬರುತ್ತಿದ್ದಳು, ಬೇಟೆಗೆ ಹೋದವನು ಬರಿಗೈಯಲ್ಲಾದರೂ ಬರುತ್ತಿದ್ದ, ಹುಲಿ ತಿಂದಿದ್ದರೆ ತಿಂದಿತೆಂದು ಹೇಳುವಷ್ಟು ಮರ್ಯಾದೆಯಾದರೂ ಇರುತ್ತಿತ್ತು. ಒಮ್ಮೆ, ಅವಳು ಆರು ವರ್ಷದವಳಿದ್ದಾಗ, ರಾಜಕುಮಾರಿಯ ಮದುವೆ ಮುಗಿದು ಅವಳು ನಿದ್ದೆಹೋದ ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಭುಜ ಅಲುಗಾಡಿಸಿ ಎಬ್ಬಿಸಿದ್ದಳು: ‘ನರೀನ ಕಾಡಿನಲ್ಲೇ ಬಿಟ್ಟುಬಿಟ್ಟೆ ಕಣೆ. ಅದೂ ಮನೆಗೆ ಹೋಯ್ತು. ಈಗ ಮಲಗು.’ ನರಿಗೆ ಸಿಕ್ಕಿದ ಆ ಸೌಕರ್ಯ ಒಬ್ಬ ಮನುಷ್ಯನಿಗೆ ಸಿಕ್ಕಿರಲಿಲ್ಲವಲ್ಲ ಎಂದು ಯೋಚಿಸುತ್ತ ಅವಳು ಬಾಯಿ ಮುಕ್ಕಳಿಸಿದಳು, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಮೆಟ್ಟಿಕೊಂಡಳು, ಕಾರಿನ ಬಳಿ ಹೋದ ಮೇಲೆ ಅದು ತಿಳಿಯಿತು, ವಾಪಸು ಬಂದಳು. ಪಕ್ಕದ ಮನೆಯಾಕೆ ಗೇಟಿನ ಮೇಲಿಂದ, ‘ನಿಮ್ಮ ಹೆಸರು ಬರುತ್ತಲ್ಲ, ಅದನ್ನ ಸ್ವಲ್ಪ ನಿಧಾನ ಮಾಡೋಕಾಗಲ್ವಾ? ಕನ್ನಡಕ ಹಾಕ್ಕೊಳ್ಳೋದರೊಳಗೆ ಹೋಗಿಬಿಟ್ಟಿರುತ್ತೆ’ ಎಂದಳು. ಇದನ್ನು ಆಕೆ ವರ್ಷಕ್ಕೆರಡು ಸಲ ಹೇಳುತ್ತಿದ್ದಳು. ‘ಇವತ್ತು ತೆಗೆಯೋ ಕೊನೇ ಕಂತಿನಲ್ಲಿ ಹತ್ತು ಸೆಕೆಂಡ್ ನಿಲ್ಲುತ್ತೆ’ ಎಂದು ಅವಳು ನಾಚಿಕೊಂಡೇ ಹೇಳಿದಳು. ಅದು ನಿಜವಾಗಿತ್ತು. ಎರಡು ತಿಂಗಳು ಹಲ್ಲುಕಚ್ಚಿ ಜಗಳಾಡಿ ಪಡೆದುಕೊಂಡ ಹತ್ತು ಸೆಕೆಂಡು. ಕಪ್ಪು ತೆರೆಯ ಮೇಲೆ ‘ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ಮಾಣ’ ಎಂದು ಬರೆದು ಅದರ ಕೆಳಗೆ ಅವಳೊಬ್ಬಳೇ, ಅಲುಗಾಡದೆ.

ಅಲುಗಾಡದ ಅಕ್ಷರಗಳಿಂದಲೇ ಅವಳ ವೃತ್ತಿ ಶುರುವಾಗಿತ್ತೆನ್ನಬೇಕು. ಇಪ್ಪತ್ತೆರಡು ವರ್ಷಕ್ಕೆ ಟೀವಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಅವಳಿಂದ ಬರೆಸಿದ್ದು ಒಂದೇ ವಾಕ್ಯ: ‘ಅಡಚಣೆಗಾಗಿ ವಿಷಾದಿಸುತ್ತೇವೆ.’ ಹಳೆಯ ಫಲಕದ ಬಣ್ಣ ಹೋಗಿತ್ತು, ಹೊಸದು ಬೇಕಿತ್ತು. ಅವಳು ‘ವಿಷಾದಿಸುತ್ತೇವೆ’ ಸಾಕೋ ‘ಕ್ಷಮೆ ಕೋರುತ್ತೇವೆ’ ಬೇಕೋ ಎಂದು ಎರಡು ದಿನ ಒದ್ದಾಡಿದ್ದಳು. ಆ ಶನಿವಾರ ಪ್ರಸಾರ ಕೆಟ್ಟು ಇಪ್ಪತ್ತು ನಿಮಿಷ ಅದೇ ಫಲಕ ನಿಂತಿತ್ತು. ಅಜ್ಜಿ ಟೀವಿಯ ಮುಂದಿಂದ ಕದಲದೆ ನೋಡಿ, ‘ಬಹಳ ಚೆನ್ನಾಗಿ ಬರೆದಿದ್ದೀಯ, ಸ್ವಲ್ಪ ಉದ್ದವಾಯ್ತು’ ಎಂದಿದ್ದಳು. ಆಮೇಲೆ ಹಲ್ಲಿನ ಆರೋಗ್ಯದ ಮೇಲೆ ನಾಟಕ, ರಸ್ತೆ ದಾಟುವುದರ ಬಗ್ಗೆ ಹಾಡು, ಯಾರೋ ಬರೆಯುತ್ತಿದ್ದ ಧಾರಾವಾಹಿಯಲ್ಲಿ ಅಳುವ ದೃಶ್ಯಗಳಷ್ಟೇ (‘ಅಳು ನೀವು ಬರೀರಿ, ನಗು ನಾನು ನೋಡ್ಕೋತೀನಿ’ ಎಂದಿದ್ದ ಆ ಹಿರಿಯ ಲೇಖಕರು ಒಂದು ಸಲವೂ ಯಾರನ್ನೂ ನಗಿಸಲಿಲ್ಲ), ಕೊನೆಗೆ ತನ್ನದೇ ಧಾರಾವಾಹಿ, ಅದರ ನಿರ್ಮಾಪಕ ಹೃದಯ ಕೈಕೊಟ್ಟು ಹಾಸಿಗೆ ಹಿಡಿದಾಗ ಅವರ ಕುರ್ಚಿ. ಬರೆಯುವವಳಿಗೆ ಮನುಷ್ಯರನ್ನು ಹುಟ್ಟಿಸುವ ಕೆಲಸ. ನಿರ್ಮಾಪಕಿಗೆ ಅವರಿಗೆ ಹೊತ್ತುಹೊತ್ತಿಗೆ ಊಟ ಕಾಫಿ ನೋಡಿಕೊಳ್ಳುವ ಕೆಲಸ. ಎರಡೂ ತಾಯಿಯ ಕೆಲಸವೇ ಅಲ್ಲವೇ ಎಂದು ಯಾರೋ ಸನ್ಮಾನ ಸಭೆಯಲ್ಲಿ ಹೇಳಿದಾಗ ಅವಳು ತಲೆಯಾಡಿಸಿದ್ದಳು, ಮಹಡಿಯಲ್ಲಿ ಬಿಟ್ಟುಬಂದವನ ನೆನಪಾಗಿ ತಲೆಯಾಡಿಸುವುದನ್ನು ನಿಲ್ಲಿಸಿದ್ದಳು.

ಆ ಮಧ್ಯಾಹ್ನವನ್ನು ಅವಳು ಮರೆತಿರಲಿಲ್ಲ. ಬೀರುವಿನ ಹಿಂದೆ ಬಿದ್ದ ಸಾಮಾನನ್ನು ಬೀರು ಸರಿಸುವ ದಿನ ತೆಗೆದರಾಯಿತು ಎಂದು ಬಿಡುತ್ತೇವಲ್ಲ, ಹಾಗೆ ಬಿಟ್ಟಿದ್ದಳು. ಸೆಟ್ಟಿನ ಮೆಟ್ಟಿಲು ಮುಗಿಯುವಲ್ಲಿ ಒಂದು ಪರದೆ, ಪರದೆಯ ಹಿಂದೆ ಇಬ್ಬರು ಒತ್ತಿಕೊಂಡು ನಿಲ್ಲುವಷ್ಟು ಹಲಗೆಯ ಅಟ್ಟ, ಹಿಂಬದಿಗೆ ಇಳಿಯಲು ಒಂದು ಏಣಿ, ಇಷ್ಟೇ. ಚಿಕ್ಕಪ್ಪನ ಪಾತ್ರದವರು ಹತ್ತಿಹೋದ ಕೂಡಲೇ ಲೈಟಿನವರು ಆ ಏಣಿಯನ್ನು ತಮ್ಮ ಕೆಲಸಕ್ಕೆಂದು ಎತ್ತಿಕೊಂಡು ಹೋದರು. ಕೆಳಗೆ ಹಿರಿಯಮ್ಮನಿಗೂ ನೆಂಟರಾಕೆಗೂ ಹಳೆಯ ಜಗಳವೊಂದು ಹೊತ್ತಿಕೊಂಡು ದಿಂಬು ಯಾರಿಗೂ ಬೇಡವಾಯಿತು. ಆ ನಟರು ಮೂರು ಗಂಟೆ ಕಾಲ ದಿಂಬು ತಬ್ಬಿಕೊಂಡು ಅಟ್ಟದ ಮೇಲೆ ಕೂತಿದ್ದರು. ಕೆಮ್ಮಿದರೆ ಶಾಟ್ ಹಾಳಾದೀತೆಂದು ಕೆಮ್ಮನ್ನೂ ದಿಂಬಿನೊಳಕ್ಕೇ ಕೆಮ್ಮಿಕೊಂಡು. ಪ್ಯಾಕಪ್ ಆಗಿ ಕ್ಯಾಮೆರಾಗಳಿಗೆ ಮುಸುಕು ಹಾಕಿದ ಮೇಲೆ ಮುಂದಿನ ಮೆಟ್ಟಿಲಿಂದಲೇ ಇಳಿದು ಬಂದು, ದಿಂಬನ್ನು ಸೋಫಾದ ಮೇಲಿಟ್ಟು, ಅವಳ ಬಳಿ ನಿಂತು ಕೇಳಿದರು: ‘ಮೇಡಂ, ನಾನು ಯಾವಾಗ ಇಳೀಬೇಕು?’ ಆಗಷ್ಟೇ ಚಾನೆಲ್‌ನಿಂದ ಫೋನು ಬಂದಿತ್ತು, ಮನೆಯಲ್ಲಿ ಗಂಡಸರು ಜಾಸ್ತಿಯಾದರು, ಒಬ್ಬರನ್ನು ಕಮ್ಮಿ ಮಾಡಿ ಎಂದು. ಅವಳು ಅವರ ಮುಖ ನೋಡದೆ, ‘ನಾಳೆ ಇಳಿಸ್ತೀನಿ ಸರ್’ ಎಂದಳು. ‘ಮರೀಬೇಡಿ’ ಎಂದರು ಅವರು, ನಗುತ್ತ. ‘ಖಂಡಿತ ಸರ್, ಮಾತು ಕೊಟ್ಟಿದ್ದೀನಲ್ಲ.’ ಮರುದಿನದ ದೃಶ್ಯದಲ್ಲಿ ‘ಚಿಕ್ಕಪ್ಪ ಬೆಳಿಗ್ಗೇನೇ ಊರಿಗೆ ಹೋದ್ರು’ ಎಂಬ ಸಾಲನ್ನೇನೋ ಬರೆದಿದ್ದಳು. ಹಿರಿಯಮ್ಮ ಅದನ್ನು ನುಂಗಿಕೊಂಡು ಮುಂದಿನ ಸಾಲಿಗೆ ಹಾರಿದರು, ಯಾರೂ ಗಮನಿಸಲಿಲ್ಲ. ಚಿಕ್ಕಪ್ಪನ ಪಾತ್ರದವರಿಗೆ ಫೋನು ಮಾಡಿ ವಿಷಯ ಹೇಳುವುದೊಂದು ಬಾಕಿಯಿತ್ತು. ಬರೆಯುವವಳು, ನಿರ್ಮಾಪಕಿ ಹೇಳುತ್ತಾಳೆ ಎಂದುಕೊಂಡಳು. ನಿರ್ಮಾಪಕಿ, ಬರೆಯುವವಳು ಹೇಳಿರುತ್ತಾಳೆ ಎಂದುಕೊಂಡಳು. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತಿದ್ದರು.

ಸ್ಟುಡಿಯೋದ ಗೇಟಿನ ಹೊರಗೆ ಕಾರು ನಿಲ್ಲಿಸಿ ಅವಳು ಫೋನಿನಲ್ಲಿ ಹುಡುಕಿದಳು. ನಟರ ಪಟ್ಟಿಯಲ್ಲಿ ಅವರಿರಲಿಲ್ಲ. ‘ಚಿಕ್ಕಪ್ಪ’ ಎಂದು ಹುಡುಕಿದರೆ ಎರಡು ಸಿಕ್ಕವು. ಎರಡನೆಯದು ತನ್ನ ಚಿಕ್ಕಪ್ಪನ ಇನ್ನೊಂದು ನಂಬರೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಪ್ರತಿ ಹೊಸ ವರ್ಷಕ್ಕೂ ಅದರಿಂದ ‘ಶುಭಾಶಯಗಳು, ಇಂತಿ ಚಿಕ್ಕಪ್ಪ’ ಎಂದು ಸಂದೇಶ ಬರುತ್ತಿತ್ತು, ಅವಳು ‘ನಿಮಗೂ. ಚಿಕ್ಕಮ್ಮನಿಗೂ ಹೇಳಿ’ ಎಂದು ಉತ್ತರಿಸುತ್ತಿದ್ದಳು. ಅದು ಆ ನಟರ ನಂಬರೆಂದು ಈಗ ಹೊಳೆಯಿತು. ಬಯ್ದರೆ ಬಯ್ಯಲಿ, ಫೋನಿಟ್ಟರೆ ಇಡಲಿ, ನಂಬರೇ ಬದಲಾಗಿರಲಿ ದೇವರೇ, ಎಂದುಕೊಳ್ಳುತ್ತ ಒತ್ತಿದಳು.

‘ಹೇಳಿ ಮೇಡಂ’ ಎಂದಿತು ಆ ಕಡೆಯ ದನಿ, ನಿನ್ನೆ ಸಂಜೆ ಬಿಟ್ಟ ಮಾತನ್ನು ಎತ್ತಿಕೊಂಡಂತೆ. ‘ಎಷ್ಟು ಗಂಟೆಗೆ?’

‘ಸರ್... ಮೂರು ಗಂಟೆಗೆ ಬರೋಕಾಗುತ್ತಾ?’

‘ಕನ್ನಡಕದ ಅಂಗಡೀಲಿ ಕೆಲಸ ಮಾಡ್ತಿದ್ದೀನಿ, ಮಧ್ಯಾಹ್ನ ರಜೆ ಕೇಳ್ತೀನಿ. ಶರ್ಟು ನನ್ನ ಹತ್ರಾನೇ ಇದೆ. ವಾಪಸ್ ಕೊಡಿ ಅಂತ ಯಾರೂ ಕೇಳಲಿಲ್ಲ. ಮೀಸೆ ಹಾಗೇ ಇದೆ.’ ಆಮೇಲೆ, ‘ನಮ್ಮನೆಯವಳಿಗೆ ನೀವು ವರ್ಷಾ ವರ್ಷಾ ಶುಭಾಶಯ ಹೇಳೋದನ್ನ ತಪ್ಪಿಸಲ್ಲ ನೋಡಿ, ಅವಳಿಗೆ ನಿಮ್ಮ ಮೇಲೆ ಬಹಳ ಅಭಿಮಾನ’ ಎಂದರು. ಅವಳು ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಹಾರ್ನ್ ಬಡಿದುಕೊಂಡು ಕಾವಲುಗಾರ ಓಡಿಬಂದು ಗೇಟು ತೆರೆದ.

ಒಳಗೆ ಹೋದರೆ ಮಹಡಿಯ ಅಟ್ಟವೇ ಇರಲಿಲ್ಲ. ಬೆಳಿಗ್ಗೆ ಬೇಗ ಬಂದ ಬಡಗಿ ಮೇಲಿನಿಂದ ಬಿಚ್ಚತೊಡಗಿದ್ದ. ಸಂಜೆ ಐದಕ್ಕೆ ಮನೆ ಪೂರ್ತಿ ಇಳಿಯಬೇಕಿತ್ತು, ನಾಳೆ ಅದೇ ಜಾಗಕ್ಕೆ ಅಡುಗೆ ಸ್ಪರ್ಧೆಯ ಸೆಟ್ಟು ಬರುವುದಿತ್ತು. ಹತ್ತು ಮೆಟ್ಟಿಲು ಹತ್ತಿದರೆ ಪರದೆ, ಪರದೆ ಸರಿಸಿದರೆ ಗಾಳಿ.

‘ಯಾಕೆ ಬಿಚ್ಚಿದ್ರಿ?’

‘ಮೇಲೆ ಯಾರೂ ಇಲ್ಲವಲ್ಲ ಮೇಡಂ’ ಎಂದ ಬಡಗಿ, ಬಾಯಲ್ಲಿದ್ದ ಮೊಳೆಗಳನ್ನು ತೆಗೆಯದೆ.

‘ಒಬ್ಬರಿದ್ದಾರೆ. ಮೂರು ಗಂಟೆಗೆ ಬರ್ತಾರೆ.’

ಬಡಗಿ ಅವಳನ್ನೂ ಮೆಟ್ಟಿಲನ್ನೂ ನೋಡಿ, ದೊಡ್ಡವರ ಕೆಲಸ ಯಾವಾಗಲೂ ಹೀಗೇ ಎಂಬಂತೆ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. ‘ಏಣಿಗೆ ಒಂದು ಹಲಗೆ ಹೊಡೆದು ನಿಲ್ಲಿಸಬಹುದು. ಹಿಡ್ಕೊಳ್ಳೋಕೆ ಇಬ್ಬರು ಬೇಕು.’

ಚಾನೆಲ್‌ನಿಂದ ಬಂದಿದ್ದ ಅಧಿಕಾರಿಯನ್ನು ಎಲ್ಲರೂ ಚಾನೆಲ್ ಎಂದೇ ಕರೆಯುತ್ತಿದ್ದರು. ಚಾನೆಲ್ ಬಂದರು, ಚಾನೆಲ್‌ಗೆ ಕುರ್ಚಿ ಹಾಕಿ, ಚಾನೆಲ್‌ಗೆ ಸಕ್ಕರೆ ಬೇಡ. ಮೂವತ್ತರ ಆಸುಪಾಸಿನ, ಸದಾ ಒಗೆದು ಹಾಕಿದಂತಿರುವ ಆ ವ್ಯಕ್ತಿ ಅವಳ ಮಾತನ್ನೆಲ್ಲ ಕೇಳಿ ಲ್ಯಾಪ್‌ಟಾಪ್ ತಿರುಗಿಸಿ ಬಣ್ಣಬಣ್ಣದ ಕಂಬಗಳನ್ನು ತೋರಿಸಿದರು.

‘ಮೇಡಂ, ಆ ಪಾತ್ರ ಯಾರಿಗೂ ನೆನಪಿಲ್ಲ. ನಾವು ಸರ್ವೇ ಮಾಡಿಸಿದ್ದೀವಿ.’

‘ನಮ್ಮಜ್ಜಿಗೆ ನೆನಪಿದೆ.’

‘ಅಜ್ಜಿಗೆ ಎಷ್ಟು ವಯಸ್ಸು?’

‘ಎಂಬತ್ತೆಂಟು.’

‘ನಮ್ಮ ಚಾರ್ಟು ಐವತ್ತೈದಕ್ಕೆ ನಿಲ್ಲುತ್ತೆ ಮೇಡಂ’ ಎಂದರು ಚಾನೆಲ್, ನಿಜವಾದ ಮರುಕದಿಂದ. ‘ಅಲ್ಲದೆ ಜಾಗ ಎಲ್ಲಿದೆ? ಇಪ್ಪತ್ತೆರಡು ನಿಮಿಷ ಅಂದ್ರೆ ಇಪ್ಪತ್ತೆರಡೇ. ಒಂದು ಸೆಕೆಂಡೂ ಮಿಕ್ಕಿಲ್ಲ.’

ಅವರ ಪಕ್ಕದಲ್ಲಿ ನಿರ್ದೇಶಕ ಆಗಲೇ ಕೈ ಕಟ್ಟಿ ನಿಂತಿದ್ದ. ‘ಅದಿರಲಿ, ಆ ಮನುಷ್ಯ ಕಪ್ಪು ಕೂದಲಲ್ಲಿ ಹತ್ತಿದ್ದು. ಈಗ ಬೆಳ್ಳಗಾಗಿರುತ್ತೆ. ಒಂದು ದಿಂಬು ತರೋಕೆ ಹೋಗಿ ಮುದುಕನಾಗಿ ಇಳಿದ್ರೆ ಜನ ನಗಲ್ವಾ?’

‘ನಮ್ಮ ನಾಯಕಿ ಮೂರು ಸಲ ಸತ್ತು ಬಂದಿದ್ದಾಳೆ. ಒಂದು ಸಲ ಬೇರೆ ಮುಖ ಹಾಕ್ಕೊಂಡು ಬಂದಳು. ಯಾರೂ ನಗಲಿಲ್ಲ. ಮನುಷ್ಯನ ಕೂದಲು ಬೆಳ್ಳಗಾಗೋದು ಮಾತ್ರ ನಿಮಗೆ ನಂಬೋಕಾಗಲ್ವಾ?’ ತನ್ನ ದನಿ ಇಡೀ ಸೆಟ್ಟಿಗೆ ಕೇಳಿಸುತ್ತಿದೆಯೆಂದು ತಿಳಿದು ಅವಳು ತಗ್ಗಿಸಿದಳು. ಅಷ್ಟು ಹೊತ್ತಿಗೆ, ಯಾರೋ ಬೇರೆಯವರ ಬಾಯಿಂದ ಬಂದಂತೆ, ಆ ಮಾತು ಆಡಿಯಾಗಿತ್ತು: ‘ಕೊನೇಲಿ ನನ್ನ ಹೆಸರಿಗೆ ಹತ್ತು ಸೆಕೆಂಡ್ ಇದೆಯಲ್ಲ. ಅದನ್ನ ತಗೊಳ್ಳಿ.’

ಚಾನೆಲ್ ತಲೆಯೆತ್ತಿ ನೋಡಿದರು. ‘ಆಗ ನಿಮ್ಮ ಹೆಸರು?’

‘ಯಾವಾಗಲೂ ಹೋಗೋ ಹಾಗೆ ಹೋಗಲಿ. ಓಡಲಿ.’

ಹೇಳಿದ ಮೇಲೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು ಮುಂದಿನ ಸ್ಟಾಪಿನಲ್ಲೇ ಪಶ್ಚಾತ್ತಾಪಪಡುವವರ ಹಾಗೆ ಕಾಲು ನೋಯತೊಡಗಿತು. ಪಕ್ಕದ ಮನೆಯಾಕೆ ಪ್ರಸಾರದ ದಿನ ಕನ್ನಡಕ ಹಾಕಿಕೊಂಡು ಸಿದ್ಧವಾಗಿ ಕೂತಿರುತ್ತಾಳಲ್ಲ ಎನಿಸಿತು. ಮೇಕಪ್ ಕೋಣೆಯ ಮೂಲೆಯಲ್ಲಿ ಕೂತು, ಇಳಿದು ಬರುವ ಚಿಕ್ಕಪ್ಪನಿಗೊಂದು ಮಾತು ಬರೆಯಲು ಹೊರಟಳು. ದಿನಕ್ಕೆ ನಲವತ್ತು ಪುಟ ಬರೆದವಳು, ಆಸ್ಪತ್ರೆ ಕೋರ್ಟು ಜೈಲು ಎಲ್ಲದಕ್ಕೂ ಮಾತು ಹುಟ್ಟಿಸಿದವಳು. ‘ನಿದ್ದೆ ಹೋಗಿಬಿಟ್ಟೆ’ ಎಂದು ಬರೆದು ಹೊಡೆದುಹಾಕಿದಳು. ಅವರು ನಿದ್ದೆ ಮಾಡಿರಲಿಲ್ಲ, ಕೆಮ್ಮನ್ನೂ ತಡೆದುಕೊಂಡಿದ್ದರು. ‘ದಿಂಬು ಸಿಗಲಿಲ್ಲ’ ಎಂದು ಬರೆದಳು, ಸಿಕ್ಕಿತ್ತು. ‘ನಿಮ್ಮನ್ನೆಲ್ಲ ಕ್ಷಮಿಸಿದ್ದೀನಿ’ ಎಂದು ಬರೆದಾಗ ಅವಳಿಗೇ ಮೈ ಬೆಚ್ಚಗಾಯಿತು. ಇದು ತನಗೆ ಬೇಕಾದ ಮಾತು, ಅವರದಲ್ಲ. ಅದಕ್ಕೆ ಎರಡು ಗೆರೆ ಎಳೆದಳು. ಪುಟದ ಕೊನೆಗೆ ಬಂದಾಗ ಅವಳ ಕೈ ತಾನಾಗಿ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂದು ಬರೆದಿತ್ತು, ಅಚ್ಚುಕಟ್ಟಾದ ಅಕ್ಷರಗಳಲ್ಲಿ.

ಮೂರಕ್ಕೆ ಐದು ನಿಮಿಷವಿರುವಾಗ ಅವರು ಬಂದರು. ಕೂದಲು ಪೂರ್ತಿ ಬಿಳಿ, ಮೀಸೆ ಮಾತ್ರ ಕಡುಗಪ್ಪು. ತಾವೇ ಬಣ್ಣ ಹಚ್ಚಿಕೊಂಡಿದ್ದರು, ತುಟಿಯ ಮೇಲೂ ಸ್ವಲ್ಪ ತಾಗಿತ್ತು. ಕಂದು ಚೌಕುಳಿಯ ಶರ್ಟನ್ನು ಇಸ್ತ್ರಿ ಮಾಡಿ ಕವರಿನಲ್ಲಿ ತಂದಿದ್ದರು. ಅದು ಈಗ ಹೊಟ್ಟೆಯ ಮೇಲೆ ಕೂಡಲಿಲ್ಲ. ಬಟ್ಟೆಯವರು ಬೆನ್ನನ್ನು ಉದ್ದಕ್ಕೂ ಸೀಳಿ, ಬಟ್ಟೆ ಒಣಹಾಕುವ ಮೂರು ಕ್ಲಿಪ್ಪುಗಳಿಂದ ಹಿಡಿಸಿದರು. ಮುಂದಿನಿಂದ ನೋಡಿದರೆ ಒಂಬತ್ತು ವರ್ಷ ಕಳೆದೇ ಇರಲಿಲ್ಲ. ಹಿರಿಯಮ್ಮನ ಪಾತ್ರದ ನಟಿಯನ್ನು ಸೆಟ್ಟಿನ ಹೊರಗೂ ಎಲ್ಲರೂ ಹಿರಿಯಮ್ಮ ಎಂದೇ ಕರೆಯುತ್ತಿದ್ದರು. ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿ, ‘ಓಹೋ, ಬದುಕಿದ್ದೀರಾ? ನಾನು ನಿಮಗೆ ಬೇರೆ ಚಾನೆಲ್‌ನಲ್ಲಿ ಕೆಲಸ ಸಿಕ್ಕಿತು ಅಂದ್ಕೊಂಡಿದ್ದೆ’ ಎಂದರು. ‘ಇಲ್ಲ ಅತ್ತಿಗೆ, ಇಲ್ಲೇ ಇದ್ದೆ’ ಎಂದರು ಅವರು. ಆಮೇಲೆ ಅವಳ ಕಡೆ ತಿರುಗಿ, ಅವಳು ಬಾಯಿ ತೆರೆಯುವ ಮೊದಲೇ, ‘ಮೇಡಂ, ನೀವು ಕಣ್ಣು ಕಿರಿದು ಮಾಡ್ತಿದ್ದೀರ. ನಿಮ್ಮ ಕನ್ನಡಕದ ನಂಬರ್ ಹೆಚ್ಚಾಗಿದೆ. ಬಿಡುವಾದಾಗ ಅಂಗಡಿಗೆ ಬನ್ನಿ’ ಎಂದರು. ಇದನ್ನು ಬೈಗುಳವೆಂದು ತೆಗೆದುಕೊಳ್ಳಬೇಕೋ ಬೇಡವೋ ಎಂದು ಅವಳು ನಾಲ್ಕು ಹೆಜ್ಜೆ ನಡೆಯುವವರೆಗೆ ಯೋಚಿಸಿದಳು.

ಏಣಿ ಹಿಡಿಯಲು ಇಬ್ಬರು ಬೇಕಿತ್ತು. ಲೈಟಿನವರೆಲ್ಲ ಲೈಟಿಗೆ ನೇತುಬಿದ್ದಿದ್ದರು, ಸೆಟ್ಟಿನ ಉಳಿದವರು ಆಗಲೇ ಅಡುಗೆ ಸ್ಪರ್ಧೆಯ ಒಲೆಗಳನ್ನು ಇಳಿಸಿಕೊಳ್ಳಲು ಹೋಗಿದ್ದರು. ಬಡಗಿ ಒಂದು ಕಾಲು ಹಿಡಿದು ಅವಳನ್ನು ನೋಡಿದ. ಇಪ್ಪತ್ತು ವರ್ಷದಿಂದ ಪ್ರತಿ ಶಾಟನ್ನೂ ಮಾನಿಟರಿನ ಮುಂದೆ ಕೂತೇ ನೋಡಿದ್ದವಳು ಸೆರಗು ಸಿಕ್ಕಿಸಿಕೊಂಡು ಪ್ಲೈವುಡ್ಡಿನ ಹಿಂದಕ್ಕೆ ಬಂದಳು. ಗೋಡೆಯ ಈ ಮಗ್ಗುಲಿಗೆ ಬಣ್ಣವಿರಲಿಲ್ಲ. ಹಳೆಯ ಲೆಕ್ಕದ ಅಳತೆಗಳು, ಮೊಳೆಯ ಮೊನೆಗಳು, ಯಾರೋ ಪೆನ್ಸಿಲಿನಲ್ಲಿ ಬರೆದ ಮೀನು. ಅವರು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಹತ್ತಿದರು. ಏಣಿ ನರಳಿತು. ಅವರ ಬೂಟು ಅವಳ ಮೂಗಿನ ಮಟ್ಟಕ್ಕೆ ಬಂದು ನಿಂತಿತು.

‘ಮೇಡಂ, ಡೈಲಾಗ್?’ ಎಂದರು ಪಿಸುದನಿಯಲ್ಲಿ.

‘ಇಲ್ಲ ಸರ್. ಬರೆಯೋಕಾಗಲಿಲ್ಲ.’

‘ಪರವಾಗಿಲ್ಲ. ಆವತ್ತೂ ಇರಲಿಲ್ಲ.’

‘ಸರ್, ಆವತ್ತು ನಾನು ನಾಳೆ ಅಂತ...’

‘ಕೆಳಗೆ ರೆಡಿ ಅಂತಿದ್ದಾರೆ ಮೇಡಂ. ಆಮೇಲೆ ಮಾತಾಡೋಣ.’

ನಿರ್ದೇಶಕನ ಕೂಗು ಕೇಳಿತು. ಆ ಬದಿಯಲ್ಲಿ ಹನ್ನೊಂದರಲ್ಲಿ ಒಂಬತ್ತು ಜನ ಪೆಟ್ಟಿಗೆ ಹಿಡಿದು ಬಾಗಿಲು ದಾಟುತ್ತಿದ್ದ ಸದ್ದು, ನಾಯಕಿಯ ಬಿಕ್ಕು, ಹಿರಿಯಮ್ಮನ ಸೊಂಟದಲ್ಲಿ ಬೀಗದ ಕೈಗಳ ಗಲಗಲ. ಅವಳು ಎರಡೂ ಕೈಯಿಂದ ಏಣಿಯನ್ನು ಬಿಗಿಹಿಡಿದಳು. ಬೂಟು ಕದಲಿತು, ಪರದೆ ಸರಿಯಿತು, ಒಂದು ಕ್ಷಣ ಮೂರು ಕ್ಲಿಪ್ಪುಗಳ ಬೆನ್ನು ಬೆಳಕಿನಲ್ಲಿ ಕಂಡು ಮರೆಯಾಯಿತು. ಇನ್ನು ಅವಳಿಗೆ ಇದ್ದದ್ದು ಕಿವಿ ಮಾತ್ರ. ಒಂದು ಮೆಟ್ಟಿಲು. ಎರಡು. ಹೆಜ್ಜೆಗಳು ನಿಧಾನವಾಗಿದ್ದವು, ಮಂಡಿ ನೋವಿನವರ ಹೆಜ್ಜೆ. ಹತ್ತು ಸೆಕೆಂಡು ಆಗಲೇ ಮುಗಿಯಿತೇನೋ, ಚಾನೆಲ್ ಕೈಗಡಿಯಾರ ನೋಡಿಕೊಳ್ಳುತ್ತಿರಬೇಕು. ಆರನೆಯ ಮೆಟ್ಟಿಲಲ್ಲಿ ಸದ್ದು ನಿಂತಿತು. ಬಿದ್ದರೇ? ಬೀಗದ ಕೈಗಳ ಸದ್ದೂ ನಿಂತಿತು. ಹಿರಿಯಮ್ಮ, ಕಾಗದದಲ್ಲಿ ಬರೆದದ್ದನ್ನೇ ನುಂಗಿಕೊಳ್ಳುವ ಹಿರಿಯಮ್ಮ, ಯಾರೂ ಬರೆಯದ್ದನ್ನು ಹೇಳಿದರು:

‘ಇಷ್ಟು ಹೊತ್ತೇನಪ್ಪಾ?’

ಆರನೆಯ ಮೆಟ್ಟಿಲಿಂದ ಉತ್ತರ ಬಂತು:

‘ಯಾರೂ ಕರೀಲಿಲ್ಲ ಅತ್ತಿಗೆ.’

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಅವಳಿಗೂ ನಗು ಬಂತು, ಅದು ಗಂಟಲಿನಲ್ಲಿ ಎಲ್ಲೋ ದಾರಿ ತಪ್ಪಿ ಕಣ್ಣಿಗೆ ಹೋಯಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

‘ನಿಜ’ ಎಂದರು ಹಿರಿಯಮ್ಮ. ‘ನಡಿ, ಅದನ್ನೂ ತಗೊಂಡೇ ಬಾ. ಹೊಸ ಮನೇಲಿ ಬೇಕಾಗುತ್ತೆ.’

ಏಳು, ಎಂಟು, ಒಂಬತ್ತು, ಹತ್ತು. ಆಮೇಲೆ ನೆಲದ ಮೇಲಿನ ಹೆಜ್ಜೆ, ಅದರ ಸದ್ದೇ ಬೇರೆ. ಬಾಗಿಲು ಎಳೆದುಕೊಂಡಿತು. ಬೀಗ ಬಿತ್ತು. ನಿರ್ದೇಶಕ ಏನೋ ಕೂಗಿದ, ಚಪ್ಪಾಳೆಯಾಯಿತು, ಕುರ್ಚಿಗಳು ಸರಿದವು, ಹೊರಗೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅವಳು ಪ್ಲೈವುಡ್ಡಿನ ಹಿಂದೆ, ಮೇಲೆ ಯಾರೂ ಇಲ್ಲದ ಏಣಿಯನ್ನು ಹಾಗೆಯೇ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.

‘ಬಿಡಿ ಮೇಡಂ’ ಎಂದ ಬಡಗಿ. ‘ಅವರು ಇಳಿದಾಯ್ತು.’